ಬೈಯದೆ ಕಾದ ಗಿರಾಕಿ

ತಂಗಿಯ ಮಂಚವನ್ನು ಅಂಗಡಿಗೆ ಇಳಿಸಿದ್ದು ಅವಳೇ ಹಟ ಹಿಡಿದದ್ದರಿಂದ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ಒಂದು ಬಾಗಿಲು, ಒಂದು ದೊಡ್ಡ ಕಿಟಕಿ. ಒಳಗೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಹೊಲಿಗೆ ಯಂತ್ರ, ಹೊಲಿದಿಟ್ಟ ಬಟ್ಟೆಗಳನ್ನು ನೇತುಹಾಕುವ ಕಬ್ಬಿಣದ ಸರಳು, ಮೂಲೆಯಲ್ಲಿ ಅಳತೆ ನೋಡಲು ಇಟ್ಟ ತಲೆಯಿಲ್ಲದ ಬೊಂಬೆ. ಮೂವತ್ತು ವರ್ಷಕ್ಕೂ ಮೇಲೆ ಅವಳು ಅಲ್ಲಿ ಕೂತು ಆ ಬೀದಿಯವರ ಅಂಗಿ, ಪ್ಯಾಂಟು, ಕೋಟು ಹೊಲಿದಿದ್ದಳು. ಮಲಗುವ ಕೋಣೆ ಮಹಡಿಯಲ್ಲಿತ್ತು.

"ಮೇಲೆ ಮಲಗಿದ್ರೆ ನಾನು ಸತ್ತಿದ್ದು ಯಾರಿಗೂ ಗೊತ್ತಾಗಲ್ಲ. ಇಲ್ಲಿದ್ರೆ ಗಿರಾಕಿಗಳು ಬೈಯೋಕಾದ್ರೂ ಬರ್ತಾರೆ" ಎಂದಳು.

ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವಳಲ್ಲ ಅವಳು. ನಾಳೆ ಅಂದರೆ ಮುಂದಿನ ವಾರ, ಮುಂದಿನ ವಾರ ಅಂದರೆ ದೇವರೇ ಬಲ್ಲ. ಬೈಸಿಕೊಳ್ಳುವುದು ಅವಳ ಕಸುಬಿನ ಅರ್ಧ ಭಾಗವಾಗಿತ್ತು. ಆದರೆ ಕಾಯಿಲೆ ಗಂಟಲಿಗೆ ಬಂದ ಮೇಲೆ ಯಾರೂ ಬೈಯಲಿಲ್ಲ. ಒಬ್ಬಾತ ತನ್ನ ಪ್ಯಾಂಟು ಒಯ್ಯಲು ಬಂದವನು ಅದರ ಕಾಲಿನ ಅಂಚು ಇನ್ನೂ ಮಡಿಸದೆ ಇದ್ದದ್ದನ್ನು ನೋಡಿಯೂ ನೋಡದವನ ಹಾಗೆ, "ಸರಿಯಾಗಿದೆ, ಬಹಳ ಚೆನ್ನಾಗಿದೆ" ಎಂದು ಕಾಗದದಲ್ಲಿ ಸುತ್ತಿಸಿಕೊಂಡು ಹೋದ. ಅವನು ಹೋದ ಮೇಲೆ ತಂಗಿ ಗೋಡೆ ನೋಡುತ್ತ, "ಅಕ್ಕ, ಈಗ ನಿಜವಾಗ್ಲೂ ಹೆದರಿಕೆ ಆಗ್ತಿದೆ" ಎಂದಳು.

ಅಷ್ಟು ಹೊತ್ತಿಗೆ ಅವಳ ದನಿ ಪೂರ್ತಿ ಹೋಗಿ ಪಿಸುಮಾತು ಮಾತ್ರ ಉಳಿದಿತ್ತು. ಅದಕ್ಕೂ ನಾವು ಅವಳ ಬಾಯಿಗೆ ಕಿವಿ ಹಚ್ಚಬೇಕಿತ್ತು.

ಸಾವಿಗೆ ಹೆದರಿದವಳಲ್ಲ ಅವಳು. ಒಬ್ಬಳೇ ಹೋಗಬೇಕಲ್ಲ, ಅದಕ್ಕೆ ಹೆದರಿದ್ದಳು. ಚಿಕ್ಕವಳಿದ್ದಾಗ ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲೂ ನನ್ನ ಜಡೆಯ ತುದಿ ಹಿಡಿದುಕೊಂಡು ಹಿಂದೆ ಬರುತ್ತಿದ್ದಳು. ದೀಪವಿದ್ದರೂ ಅಷ್ಟೆ. ನಾನು ಬೇಕೆಂದೇ ಬೇಗ ಬೇಗ ನಡೆದರೆ ಜಡೆ ಎಳೆದು ನಿಲ್ಲಿಸುತ್ತಿದ್ದಳು. ಆ ದಿನ ಅದನ್ನೇ ಕೇಳಿದಳು.

"ಅಲ್ಲಿಗೆ ಹೋಗೋವಾಗ ಯಾರ ಜಡೆ ಹಿಡ್ಕೊಳ್ಳಲಿ ಅಕ್ಕ?"

ಕಾಣುವುದನ್ನೂ ಕಾಣದ್ದನ್ನೂ ಸೃಷ್ಟಿಸಿದವನನ್ನು ನಂಬುತ್ತೇವೆ ಎಂದು ನಾವು ಅಕ್ಕತಂಗಿಯರು ಪ್ರತಿ ಭಾನುವಾರ ಎದ್ದು ನಿಂತು ಹೇಳಿದವರು. ಚರ್ಚಿನ ಬೆಂಚುಗಳ ಸಾಲಿನಲ್ಲಿ ನೂರು ಜನರ ಜೊತೆ ನಿಂತು ಅದನ್ನು ಹೇಳುವುದು ಕಷ್ಟವಲ್ಲ. ಸೂಪಿನ ಬಟ್ಟಲು ಹಿಡಿದು ಅವಳ ಮಂಚದ ಪಕ್ಕ ಕೂತ ನಾನು, "ಇದು ಆರಿಹೋಗತ್ತೆ, ಕುಡಿ" ಎಂದೆ.

ಅವಳ ಗಂಡ ಬಸ್ ಕಂಡಕ್ಟರ್. ಬೀದಿಯವರೂ ಚರ್ಚಿನವರೂ ಕಡೆಗೆ ಅವಳೂ ಅವನನ್ನು ಕಂಡಕ್ಟ್ರೇ ಎಂದೇ ಕರೆಯುತ್ತಿದ್ದುದು. ಮನೆಯಲ್ಲೂ ಅವನ ಬಾಯಲ್ಲಿ ಬಸ್ಸಿನ ಮಾತೇ. ಅಡುಗೆಮನೆಯಲ್ಲಿ ನಾವಿಬ್ಬರು ನಿಂತಿದ್ದರೆ "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತ ನುಗ್ಗುತ್ತಿದ್ದ. ಅವಳು ಹಾಸಿಗೆ ಹಿಡಿದ ಮೇಲೂ ಅವನು ರಜೆ ಹಾಕಲಿಲ್ಲ. ಕೂತರೆ ಉಸಿರು ಕಟ್ಟುತ್ತದೆ ಅತ್ತಿಗೆ, ಬಸ್ಸಲ್ಲಿ ನಿಂತಿದ್ದರೆ ಹೇಗೋ ನಡೆಯುತ್ತದೆ ಎಂದ. ಆದರೆ ಹೋಗುವ ಮುಂಚೆ ಪ್ರತಿ ಬೆಳಗ್ಗೆ ಅವಳ ತಲೆ ಬಾಚುತ್ತಿದ್ದ. ಬಾಚಣಿಗೆಗೆ ಬಂದ ಕೂದಲನ್ನು ಅವಳಿಗೆ ಕಾಣದ ಹಾಗೆ ತನ್ನ ಟಿಕೆಟ್ ಚೀಲದೊಳಗೆ ಹಾಕಿಕೊಂಡು ಹೋಗುತ್ತಿದ್ದ.

ಒಂದು ಬೆಳಗ್ಗೆ ಹೀಗೆ ತಲೆ ಬಾಚುವಾಗಲೇ ಅವಳು ಬೆಚ್ಚಿಬಿದ್ದಳು. ಕೂಗಲು ದನಿಯಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಕತ್ತರಿಯನ್ನು ಮೂಲೆಯ ಕಡೆ ಬೀಸಿ ಎಸೆದಳು. ಅದು ಬೊಂಬೆಗೆ ತಗುಲಿ ನೆಲಕ್ಕೆ ಬಿತ್ತು. ಕಣ್ಣು ಆ ಮೂಲೆಯಲ್ಲಿ ನೆಟ್ಟಿತ್ತು. ಗಂಡ ಅವಳನ್ನು ಅಪ್ಪಿ ಹಿಡಿದು ಕೂತ. ಬಸ್ಸಿಗೆ ತಡವಾಗಿ ಹೋದ.

ನಾನು ಸ್ನಾನಕ್ಕೆ ನೀರು ಕಾಯಿಸಿ ತಂದಾಗ ಅವಳು ಶಾಂತವಾಗಿದ್ದಳು. ಕಣ್ಣು ಮಾತ್ರ ಮೂಲೆಯಲ್ಲೇ. ಹತ್ತಿರ ಬಾ ಎಂದು ಬೆರಳು ಆಡಿಸಿದಳು.

"ಅಲ್ಲಿ ಒಬ್ಬ ನಿಂತಿದ್ದಾನೆ ಅಕ್ಕ."

"ಎಲ್ಲಿ?"

"ಬೊಂಬೆ ಪಕ್ಕ. ಮೊದಲು ಹೆದರಿಬಿಟ್ಟೆ. ಕತ್ತರಿ ಎಸೆದ್ರೂ ಕೋಪ ಮಾಡ್ಕೊಳ್ಳಲಿಲ್ಲ ಪಾಪ."

ನಾನು ನೋಡಿದೆ. ಬೊಂಬೆ, ಅದರ ಹಿಂದೆ ಸುಣ್ಣ ಉದುರಿದ ಗೋಡೆ. ನನ್ನ ಕಣ್ಣಿಗೆ ಅಷ್ಟೇ.

"ಏನು ಮಾಡ್ತಿದ್ದಾನೆ?" ಎಂದು ಕೇಳಿದೆ. ಕೇಳುವಾಗ ನನಗೇ ಗೊತ್ತಿಲ್ಲದೆ ದನಿ ತಗ್ಗಿಸಿದ್ದೆ.

"ಕಾಯ್ತಿದ್ದಾನೆ. ಬಟ್ಟೆ ರೆಡಿ ಆಗಿಲ್ಲ ಅಂದ್ರೂ ಹೋಗದೆ ನಿಲ್ತಾರಲ್ಲ, ಹಾಗೆ." ಉಸಿರು ತೆಗೆದುಕೊಂಡಳು. "ಬೈತಿಲ್ಲ. ನನ್ನ ಜೀವಮಾನದಲ್ಲಿ ಬೈಯದೆ ಕಾದ ಮೊದಲನೇ ಗಿರಾಕಿ."

ನಕ್ಕಳು. ಅವಳು ನಕ್ಕು ಎಷ್ಟೋ ವಾರವಾಗಿತ್ತು.

ಅಂದಿನಿಂದ ಅವಳ ಹೆದರಿಕೆ ಹೋಯಿತು. ಊಟ ಕೇಳಿದಳು. ಕಿಟಕಿ ತೆಗೆಸಿದಳು. ದಿನವೆಲ್ಲ ಮೂಲೆಯವನನ್ನು ತನ್ನ ಕಸುಬಿನ ಕಣ್ಣಿಂದ ನೋಡುತ್ತ ಮಲಗಿರುತ್ತಿದ್ದಳು. "ಅವನ ಅಂಗಿಯಲ್ಲಿ ಹೊಲಿಗೇನೇ ಕಾಣ್ತಿಲ್ಲ ಅಕ್ಕ. ತೋಳು ಎಲ್ಲಿ ಸೇರಿಸಿದ್ದಾರೆ ಅಂತ ಬೆಳಗಿಂದ ಹುಡುಕ್ತಿದ್ದೀನಿ" ಎನ್ನುವಳು. ನನ್ನ ಜೊತೆ ಬರೋಕೆ ಬಂದವನು, ದಾರಿ ಗೊತ್ತಿರೋನು, ಎಂದೂ ಒಂದು ಸಂಜೆ ಹೇಳಿದಳು. ಕಿವಿಗೆ ಬಿದ್ದದ್ದು ಸರಿಯೇ ಎಂದು ನಾನು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಕೇಳಿದೆ. ನಾನು ಕಂಡಕ್ಟರಿಗೆ ಹೇಳಲೇ ಎಂದು ಕೇಳಿದರೆ ತಲೆಯಾಡಿಸಿದಳು.

"ಬೇಡ. ಟಿಕೆಟ್ ಕೇಳ್ತಾರೆ."

ಚುಚ್ಚುಮದ್ದು ಕೊಡಲು ಬರುತ್ತಿದ್ದ ನರ್ಸಮ್ಮ ಒಳ್ಳೆಯವಳು. ಎದೆಗೆ ಇಡುವ ಮುಂಚೆ ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಮೂಲೆಯವನ ವಿಷಯ ಹೇಳಿದಾಗ ನನ್ನನ್ನು ಬಾಗಿಲಾಚೆ ಕರೆದು, "ಔಷಧಿಗೆ ಹಾಗಾಗತ್ತಮ್ಮಾ. ಮೂಲೇಲಿ ಆ ಬೊಂಬೆ ಬೇರೆ ಇದೆ. ಅದನ್ನೇ ಮನುಷ್ಯ ಅನ್ಕೊಂಡಿದ್ದಾರೆ. ಸಮಾಧಾನವಾಗಿದಾರಲ್ಲ, ಇರಲಿ ಬಿಡಿ" ಎಂದಳು. ನಾನೂ ಇರಲಿ ಎಂದು ಬಿಟ್ಟೆ. ಆದರೆ ಅಂದಿನಿಂದ ಆ ಮೂಲೆಯ ಹತ್ತಿರ ಕಸ ಗುಡಿಸುವಾಗ ಒಂದಿಷ್ಟು ಜಾಗ ಬಿಟ್ಟು ಗುಡಿಸುತ್ತಿದ್ದೆ.

ಆ ವಾರದಲ್ಲೇ ಒಂದು ದಿನ ನೋವಿನ ಔಷಧಿ ತರಲು ಆಸ್ಪತ್ರೆಗೆ ಹೋದೆ. ಸಾಲು ದೊಡ್ಡದಿತ್ತು. ತಂಗಿಯ ಹತ್ತಿರ ಕಂಡಕ್ಟರ್ ಇದ್ದ. ಅಂದು ಅವನೇ, "ನೀವು ನಿಧಾನವಾಗಿ ಬನ್ನಿ ಅತ್ತಿಗೆ, ನಾನಿರ್ತೀನಿ" ಎಂದು ಕಳಿಸಿದ್ದ. ವಾಪಸು ಬರುವಾಗ ಬೀದಿಯ ತಿರುವಿನ ಬೇಕರಿಯ ಹತ್ತಿರವೇ ಗಂಟೆಯಮ್ಮನ ದನಿ ಕೇಳಿಸಿತು.

ಗಂಟೆಯಮ್ಮ ನಮ್ಮ ಚರ್ಚಿನ ಪ್ರಾರ್ಥನಾ ಗುಂಪಿನ ಮುಖ್ಯಸ್ಥೆ. ಅವಳ ಬಾಯಿಂದ ಬಂದ ಹೆಸರು ಅದು. ಅವಳು ಹಾಡಿದರೆ ಚರ್ಚಿಗೆ ಗಂಟೆಯೇ ಬೇಡ ಎನ್ನುತ್ತಿದ್ದರು. ತಂಗಿ ಮಲಗಿದಾಗಿನಿಂದ ಅವಳು ನಮ್ಮ ಕೊಳೆ ಹಾಸಿಗೆ ಬಟ್ಟೆಗಳನ್ನು, ರಕ್ತ ಕೀವು ಅಂಟಿದ್ದನ್ನೂ ಬಿಡದೆ, ಚೀಲದಲ್ಲಿ ತುಂಬಿಕೊಂಡು ಹೋಗಿ ಒಗೆದು ಇಸ್ತ್ರಿ ಮಾಡಿ ತಂದಿಡುತ್ತಿದ್ದಳು. ಒಂದು ದಿನವೂ ಅದರ ಮಾತೆತ್ತಿದವಳಲ್ಲ.

ನಾನು ಓಡುವ ವಯಸ್ಸಿನವಳಲ್ಲ. ಆದರೂ ಓಡಿದೆ.

ಒಳಗೆ ಮಂಚದ ಸುತ್ತ ಹೆಂಗಸರು ನಿಂತಿದ್ದರು. ಬಾಗಿಲ ಚೌಕಟ್ಟಿಗೆ, ಕಿಟಕಿಗೆ ಎಣ್ಣೆಯಲ್ಲಿ ಶಿಲುಬೆ ಬರೆದಿದ್ದರು. ಇಬ್ಬರು ಬೊಂಬೆಯನ್ನು ಎತ್ತಿ, ಕಾಯಿಲೆಯವರನ್ನು ನಡೆಸುವ ಹಾಗೆ ಕಂಕುಳಿಗೆ ಕೈಕೊಟ್ಟು, ಅಡುಗೆಮನೆಗೆ ಒಯ್ಯುತ್ತಿದ್ದರು. ತಲೆಯಿಲ್ಲದ ಆಕಾರ ಕೆಟ್ಟ ಆತ್ಮಕ್ಕೆ ಆಸನವಾಗುತ್ತದೆ ಎಂದು ಗಂಟೆಯಮ್ಮ ಹೇಳಿದಳಂತೆ. ತಂಗಿ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಳು. ಬೇಡ, ಬೇಡ. ಬಾಯಿ ತೆರೆದು ಮುಚ್ಚುತ್ತಿತ್ತು, ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕೈಯೆತ್ತಿ ಬಡಿಯಲು ಹೋದಳು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಆ ಕೈ ಹಿಡಿದಿದ್ದಳು. ಬಿಗಿಯಾಗಿ ಹಿಡಿದು, ಹೆಬ್ಬೆರಳಲ್ಲಿ ಮೆಲ್ಲಗೆ ಸವರುತ್ತಿದ್ದಳು, ಕೂಸನ್ನು ಸಮಾಧಾನ ಮಾಡುವ ಹಾಗೆ.

"ನೋಡಿ ಹೇಗೆ ಒದ್ದಾಡ್ತಿದೆ! ಬಿಟ್ಟು ಹೋಗಲ್ಲ ಅಂತಿದೆ! ಇನ್ನೂ ಜೋರಾಗಿ ಬೇಡ್ಕೊಳ್ಳಿ!" ಎಂದಳು ಗಂಟೆಯಮ್ಮ. ಮೂಲೆಗೆ ಬೆರಳು ಮಾಡಿ, "ಹೊರಡು! ಯೇಸುವಿನ ನಾಮದಲ್ಲಿ ಹೇಳ್ತಿದ್ದೀನಿ, ಈ ಮನೆ ಬಿಟ್ಟು ಹೊರಡು! ಇವಳ ಮೇಲೆ ನಿನಗೆ ಅಧಿಕಾರ ಇಲ್ಲ!"

"ನಿಲ್ಲಿಸಿ!" ಎಂದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಮಂಚದ ಹತ್ತಿರ ದಾರಿ ಮಾಡಿಕೊಂಡು ಹೋಗುವಷ್ಟರಲ್ಲಿ ತಂಗಿಯ ಕೈ ತಾನಾಗಿ ಸಡಿಲಾಯಿತು. ತಲೆ ದಿಂಬಿಗೆ ಬಿತ್ತು.

"ಹೋಯ್ತು. ಸ್ತೋತ್ರ ಸ್ವಾಮಿ" ಎಂದಳು ಗಂಟೆಯಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಹೊದಿಕೆ ಸರಿಮಾಡಿ, ತಂಗಿಯ ಹಣೆಯ ಬೆವರೊರೆಸಿ, ಬಾಗಿಲ ಬಳಿಯಿದ್ದ ಕೊಳೆ ಬಟ್ಟೆಯ ಚೀಲವನ್ನು ಮರೆಯದೆ ಎತ್ತಿಕೊಂಡು ಹೋದಳು.

ಎಲ್ಲರೂ ಹೋದ ಮೇಲೆ ತಂಗಿ ಮೂಲೆ ನೋಡಿದಳು. ಕಿಟಕಿ ನೋಡಿದಳು. ಬಾಗಿಲು ನೋಡಿದಳು. ಮತ್ತೆ ಮೂಲೆ ನೋಡಿದಳು.

"ಎಲ್ಲಿ ಅಕ್ಕ?"

ನನಗೆ ಕಾಣದವನು ಎಲ್ಲಿ ಎಂದು ನಾನು ಹೇಗೆ ಹೇಳಲಿ? ಅವಳ ಕೈ ಗಾಳಿಯಲ್ಲಿ ತಡಕಾಡಿ ನನ್ನ ಹೆಗಲಿಗೆ ಬಂತು, ಅಲ್ಲಿಂದ ಹಿಂದೆ ಹೋಗಿ ನನ್ನ ಜಡೆ ಹಿಡಿಯಿತು. ಈಗ ಅದು ಇಲಿಬಾಲದಷ್ಟಿದೆ. ಆದರೂ ಮುಷ್ಟಿಯಲ್ಲಿ ಸುತ್ತಿಕೊಂಡಳು, ಮುಖವನ್ನು ಗೋಡೆಗೆ ತಿರುಗಿಸಿದಳು. ಕತ್ತು ಬಾಗಿಸಿಕೊಂಡು ನಾನು ಸಂಜೆಯವರೆಗೂ ಹಾಗೇ ಕೂತಿದ್ದೆ.

ಅವಳಿಗೆ ನಿದ್ದೆ ಹತ್ತಿದ ಮೇಲೆ ಅಡುಗೆಮನೆಗೆ ಹೋದೆ. ಕಂಡಕ್ಟರ್ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಗ್ಯಾಸಿನ ಸಿಲಿಂಡರ್ ಪಕ್ಕ ಬೊಂಬೆ.

"ಯಾಕಪ್ಪಾ ಕರೆಸಿದೆ? ಅವಳು ಹೆದರಿದ್ದು ಮೊದಲನೇ ದಿನ ಮಾತ್ರ. ಆಮೇಲೆ ಅವನಿಂದಲೇ ಅವಳಿಗೆ ಸಮಾಧಾನ ಇತ್ತು. ಅವಳನ್ನ ಕರ್ಕೊಂಡು ಹೋಗೋಕೆ ಬಂದಿದ್ದ ಅವನು. ನಿನಗೆ ಗೊತ್ತಿರಲಿಲ್ಲ, ನಿನ್ನ ತಪ್ಪಲ್ಲ—"

"ಗೊತ್ತಿತ್ತು."

ನಾನು ಬೊಂಬೆಯ ಪಕ್ಕ ನೆಲದ ಮೇಲೆ ಕೂತೆ.

"ಅವಳು ಅಂದಿದ್ದನ್ನ ನೀವು ಗಟ್ಟಿಯಾಗಿ ತಿರುಗಿ ಹೇಳಿದ್ದು ಕೇಳಿಸ್ತು. ಇಲ್ಲೇ ಬೂಟು ಬಿಚ್ತಾ ಕೂತಿದ್ದೆ." ಅವನು ತನ್ನ ಕೈ ನೋಡಿಕೊಳ್ಳುತ್ತಿದ್ದ. "ದಾರಿ ಗೊತ್ತಿರೋನು ಅಂದ್ಲು. ದೇವರ ಕಡೆಯವನೋ ಸೈತಾನನ ಕಡೆಯವನೋ, ನನಗೇನು ಅತ್ತಿಗೆ? ಕರ್ಕೊಂಡು ಹೋಗೋಕೆ ಬಂದವನು ಕರ್ಕೊಂಡು ಹೋಗ್ತಾನೆ. ಅವನನ್ನ ಓಡಿಸಿದ್ರೆ ಇವಳು ಉಳೀತಾಳೆ ಅನ್ಕೊಂಡೆ. ಗಂಟೆಯಮ್ಮನಿಗೆ ಕೆಟ್ಟದ್ದು ಕಾಣಿಸ್ಕೊಳ್ತಿದೆ ಅಂತ ಹೇಳ್ದೆ. ಸುಳ್ಳು ಹೇಳ್ದೆ."

ನನಗೆ ಅವನ ಮೇಲೆ ಬಂದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ. ನಂಬದವನು ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಇವನು ಪೂರ್ತಿ ನಂಬಿದ್ದ. ಅದಕ್ಕೇ ಹೀಗೆ ಮಾಡಿದ್ದ.

"ಈಗ ಉಳೀತಾಳಾ?" ಎಂದ.

"ಇಲ್ಲಪ್ಪ" ಎಂದೆ. "ಹೋಗ್ತಾಳೆ. ಒಬ್ಬಳೇ ಹೋಗ್ತಾಳೆ."

ಮರುದಿನ ತಂಗಿ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಹಾಲು ತುಟಿಗಿಟ್ಟರೆ ಕೆನ್ನೆ ಮೇಲೆ ಹರಿಯಿತು. ಕಣ್ಣು ಮುಚ್ಚಿದರೆ ಬೆಚ್ಚುತ್ತಿದ್ದಳು, ಎಚ್ಚರಾದರೆ ನನ್ನ ಜಡೆಗೆ ಕೈ ಚಾಚುತ್ತಿದ್ದಳು. ಕಂಡಕ್ಟರ್ ತಲೆ ಬಾಚಲು ಕೂತ. ಅವಳು ತಲೆಯನ್ನು ಅವನಿಂದ ಒಂದಿಷ್ಟು ದೂರ ಎಳೆದುಕೊಂಡಳು. ಅವನು ಬಾಚಣಿಗೆ ಜೇಬಿನಲ್ಲಿಟ್ಟುಕೊಂಡು ಹೊರಟುಹೋದ.

ಅವಳ ಹತ್ತಿರ ನರ್ಸಮ್ಮನನ್ನು ಕೂರಿಸಿ ನಾನು ಗಂಟೆಯಮ್ಮನ ಮನೆಗೆ ಹೋದೆ. ಅವಳು ನಮ್ಮದೇ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಅವಳು ತಲೆ ಅಲ್ಲಾಡಿಸಿದ್ದು... ಬೇಡ ಅಂತಾನಾ?"

"ಹೂಂ."

"ನಾನು ಇನ್ನೂ ಜೋರು ಮಾಡಿದೆನಲ್ಲ." ಕುರ್ಚಿಯಲ್ಲಿ ಕುಸಿದಳು. ಆಮೇಲೆ ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡು ಹೇಳಿದಳು. "ಕೇಳಿ. ಅವನು ದೇವರು ಕಳಿಸಿದವನಾದ್ರೆ ನಾನು ಹೋಗು ಅಂದ ತಕ್ಷಣ ಹೋಗೋನಲ್ಲ. ಅವನೇನು ನನ್ನ ಮನೆ ಆಳಾ? ಕಳಿಸಿದವನ ಮಾತು ಮಾತ್ರ ಕೇಳ್ತಾನೆ. ಅಲ್ಲೇ ಇದ್ದಾನೆ. ನಾವು ಅವಳನ್ನ ಹೆದರಿಸಿ ಅವಳ ಕಣ್ಣು ಕಟ್ಟಿದ್ದೀವಿ."

"ಅದನ್ನ ಅವಳಿಗೆ ಬಂದು ಹೇಳಿ."

ಬಂದಳು. ಮಂಚದ ಪಕ್ಕ ಮಂಡಿಯೂರಿದಳು. ಬೀದಿಗೆಲ್ಲ ಕೇಳಿಸುವ ಆ ಹೆಂಗಸು ಪಿಸುಮಾತಿನಲ್ಲಿ, ತಂಗಿಯಷ್ಟೇ ಸಣ್ಣ ದನಿಯಲ್ಲಿ, ಕ್ಷಮೆ ಕೇಳಿದಳು. ಅಲ್ಲೇ ಇದ್ದಾನೆ ನೋಡು ತಾಯಿ, ಎಲ್ಲೂ ಹೋಗಿಲ್ಲ ಎಂದಳು. ತಂಗಿ ಗೋಡೆ ನೋಡುತ್ತಲೇ ಇದ್ದಳು. ಗಂಟೆಯಮ್ಮ ಎದ್ದು, ತಂದಿದ್ದ ಬಟ್ಟೆಗಳನ್ನು ಮೇಜಿನ ಮೇಲಿಟ್ಟು, ಎಂದೂ ಮುಚ್ಚದಷ್ಟು ಮೆಲ್ಲಗೆ ಬಾಗಿಲು ಮುಚ್ಚಿಕೊಂಡು ಹೋದಳು.

ಅದಾದ ಮರುದಿನ ಉಸಿರು ಬದಲಾಯಿತು. ನಡುನಡುವೆ ನಿಂತುಬಿಡುವುದು, ಮತ್ತೆ ಎಳೆದುಕೊಂಡು ಬರುವುದು. ನರ್ಸಮ್ಮ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಇವತ್ತೇ ಎಂದು ಅದರರ್ಥ. ಕಂಡಕ್ಟರ್ ಡ್ಯೂಟಿಗೆಂದು ಖಾಕಿ ಹಾಕಿ ನಿಂತಿದ್ದ. ಹೋಗಲಿಲ್ಲ. ಕೋಣೆಯ ನಡುವೆ ನಿಂತು ಅವಳ ಬೆನ್ನು ನೋಡಿದ. ಆಮೇಲೆ ಖಾಲಿ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

"ತಪ್ಪಾಯ್ತು" ಎಂದ. ಮೇಲಧಿಕಾರಿಯ ಮುಂದೆ ನಿಂತವನ ಹಾಗೆ ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟಿದ್ದ. "ಆ ಹೆಂಗಸರದೇನೂ ತಪ್ಪಿಲ್ಲ. ನಾನೇ ಕರೆಸಿದ್ದು. ನೀವು ಇದ್ದೀರೋ ಇಲ್ವೋ ನನಗೆ ಕಾಣಲ್ಲ. ಅವಳು ಒಬ್ಬಳೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೂ ಹೋದವಳಲ್ಲ ಸ್ವಾಮಿ. ಅವಳಿಗೆ ಕಾಣಿಸ್ಕೊಳ್ಳಿ. ಕರ್ಕೊಂಡು ಹೋಗಿ. ನಾನು ಅಡ್ಡ ಬರಲ್ಲ."

ಏನೂ ಆಗಲಿಲ್ಲ. ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದು, ಬೇಕರಿಯ ಬಾಗಿಲು ತೆರೆದ ಸದ್ದು. ಅವನು ಅಲ್ಲಿಂದ ಕದಲಲಿಲ್ಲ. ತಿರುಗಿ ಅವಳ ಕಡೆ ಮುಖ ಮಾಡಿ ಆ ಮೂಲೆಯಲ್ಲೇ ನಿಂತ. ನಾನು ಸ್ಟೂಲು ತಂದುಕೊಟ್ಟೆ, ಕೂರಲಿಲ್ಲ. ಚಹಾ ಕೊಟ್ಟೆ, ಮೇಜಿನ ಮೇಲೆ ಆರಿತು. ಬಸ್ಸಿನಲ್ಲಿ ಒಂದು ಜೀವಮಾನ ನಿಂತವನು ಮನೆಯಲ್ಲೂ ನಿಂತ. ನಾನು ಮಂಚದಂಚಿನಲ್ಲಿ ಕತ್ತು ಬಾಗಿಸಿ ಕೂತಿದ್ದೆ. ನನ್ನ ಜಡೆ ಅವಳ ಮುಷ್ಟಿಯಲ್ಲಿತ್ತು. ಹೀಗೆ ಬೆಳಗು ಕಳೆಯಿತು, ಬಿಸಿಲು ಮೇಜು ದಾಟಿ ಮಂಚದ ಕಾಲಿಗೆ ಬಂತು.

ಮೊದಲು ನನಗೆ ಗೊತ್ತಾದದ್ದು ಕತ್ತಿನಲ್ಲಿ. ಎಳೆತ ಸಡಿಲಾಯಿತು. ಉಸಿರು ನಿಂತಿತೆಂದು ಬೆದರಿ ನೋಡಿದೆ. ಇಲ್ಲ. ಅವಳು ನನ್ನ ಜಡೆಯನ್ನು ಬಿಟ್ಟಿದ್ದಳು, ಅಷ್ಟೆ. ತಲೆ ದಿಂಬಿನ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಹೊರಳಿತು. ಕಣ್ಣು ತೆರೆದಿತ್ತು. ಗಂಡನನ್ನು ನೋಡಿದಳು. ಹುಬ್ಬು ಗಂಟಿಕ್ಕಿದಳು. ತುಟಿ ಅಲುಗಿತು. ನಾನು ಕಿವಿ ಹಚ್ಚಿದೆ.

"ಏನಂದ್ಲು?" ಎಂದ ಕಂಡಕ್ಟರ್.

ನಾನು ಹೇಳುವ ಮುಂಚೆ ಅವಳೇ ಇನ್ನೊಮ್ಮೆ, ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದಳು. ಅವನಿಗೂ ಕೇಳಿಸಿತು.

"ಕಂಡಕ್ಟ್ರೇ, ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ. ಅಡ್ಡ ನಿಂತಿದ್ದೀರಿ."

ಬೊಂಬೆ ಅಡುಗೆಮನೆಯಲ್ಲೇ ಇತ್ತು. ಮೂಲೆಯಲ್ಲಿ ಅವನ ಹೊರತು ಏನೂ ಇರಲಿಲ್ಲ. ಔಷಧಿ ಕೊಡುವುದನ್ನು ನರ್ಸಮ್ಮ ಅಂದು ಬೆಳಗ್ಗೆಯೇ ನಿಲ್ಲಿಸಿದ್ದಳು.

ಆಮೇಲೆ ಅವಳು ಹೆಚ್ಚು ಹೊತ್ತು ಇರಲಿಲ್ಲ. ಗೋಡೆಗೆ ಮುಖ ಮಾಡಿ ಅವಳು ಕಳೆದ ಆ ಹೊತ್ತನ್ನು ಯಾರೂ ಅವಳಿಗೆ ವಾಪಸು ಕೊಡಲಾರರು. ಕಂಡಕ್ಟರಿಗೂ ಅದು ಗೊತ್ತು, ಗಂಟೆಯಮ್ಮನಿಗೂ ಗೊತ್ತು. ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಅವಳಿಗೆ ಕಂಡದ್ದು ಏನು ಎಂದೂ ಅವನು ಇಂದಿನವರೆಗೆ ನನ್ನನ್ನು ಕೇಳಿಲ್ಲ.

ಆದರೆ ಅಂದು ಅವನು ಸರಿದ. ಒಂದು ಹೆಜ್ಜೆ ಸರಿದಿದ್ದರೆ ಸಾಕಿತ್ತು. ಅವನು ಗೋಡೆಗೆ ಬೆನ್ನು ಉಜ್ಜುತ್ತ, ಹೊಟ್ಟೆ ಒಳಗೆಳೆದುಕೊಂಡು, ಕಬ್ಬಿಣದ ಸರಳಿನವರೆಗೂ ಹೋಗಿ, ಯಾರೂ ಒಯ್ಯದ ಕೋಟುಗಳ ನಡುವೆ ಒತ್ತಿಕೊಂಡು ನಿಂತ. ಹಾದುಹೋಗುವವರಿಗೆ ತಾಗಬಾರದೆಂದು ಕೈಯನ್ನೂ ಎದೆಗೆ ಮಡಚಿಕೊಂಡ.